ಕ್ರಾಸಿನ ಚರಿತ್ರೆ: ಹುಕ್ಕನ ಕೀಲು ನಮ್ಮೂರ ಜೀಪಿನ ಅಡಿಗೆ ಬಂದ ಬಗೆ

ನಮ್ಮ ಕಾಸರಗೋಡಿನ ವರ್ಕ್‌ಶಾಪುಗಳಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಕೇಳಿಸುತ್ತವೆ. ಒಬ್ಬ ಸ್ಪ್ಯಾನರ್ ಕೇಳುವುದು ಒಂದು ಭಾಷೆಯಲ್ಲಿ, ಇನ್ನೊಬ್ಬ ಅದನ್ನು ಎತ್ತಿಕೊಡುತ್ತಾ ಉತ್ತರಿಸುವುದು ಇನ್ನೊಂದು ಭಾಷೆಯಲ್ಲಿ. ಆದರೆ ಹಳೆಯ ಜೀಪೋ ಅಂಬಾಸಿಡರ್ ಕಾರೋ ಓಡುವಾಗ ನಡುಗತೊಡಗಿತೆಂದರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಕ್ರಾಸ್ ಹೋಗಿದೆ." ಈ ಕ್ರಾಸ್ ಎಂದರೇನು, ಅದು ಎಲ್ಲಿಂದ ಬಂತು, ಅದು ಹೋದರೆ ಗಾಡಿ ಯಾಕೆ ನಡುಗುತ್ತದೆ, ಅದು ಹೋಗದೆಯೂ ಗಾಡಿ ನಡುಗುವುದುಂಟೇ ಎಂಬುದನ್ನೆಲ್ಲ ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದಿಡೋಣ ಎಂದುಕೊಂಡೆವು. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ. ಸೇರುವ ಮಕ್ಕಳು ನಮ್ಮಲ್ಲಿ ಪ್ರತಿವರ್ಷ ಇದ್ದಾರೆ. ಅಲ್ಲಿ ಅವರಿಗೆ ಪಾಠ ಕನ್ನಡದಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಕಲಿತ ತ್ರಿಕೋನಮಿತಿಗೂ ಅಲ್ಲಿ ಹಿಡಿಯುವ ಸುತ್ತಿಗೆಗೂ ಸಂಬಂಧ ಇದೆ ಎಂದು ಅವರಿಗೆ ಯಾರೂ ಹೇಳುವುದೂ ಇಲ್ಲ.

ಮೊದಲು ವಸ್ತುವಿನ ಪರಿಚಯ. ಈ ಹಳೆಯ ಗಾಡಿಗಳಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸ್ ಮುಂದೆ, ಗಾಡಿಯ ಮೈಗೆ ಬಿಗಿದುಕೊಂಡಿರುತ್ತವೆ. ತಿರುಗಬೇಕಾದ ಚಕ್ರಗಳು ಹಿಂದೆ. ಹಿಂದಿನ ಆಕ್ಸಲ್ ಪಟ್ಟಿ ಸ್ಪ್ರಿಂಗಿಗೆ ಕಟ್ಟಿದ್ದು. ಹೊಂಡ ಬಂದಲ್ಲೆಲ್ಲ ಅದು ಮೇಲೆ ಕೆಳಗೆ ಕುಣಿಯುತ್ತದೆ. ಇವೆರಡರ ನಡುವೆ ಶಕ್ತಿಯನ್ನು ಒಯ್ಯುವ ಉದ್ದನೆಯ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದು ತಿರುಗುತ್ತಿರುವಾಗಲೇ ಬಾಗಬೇಕು. ಅದಕ್ಕಾಗಿ ಎರಡೂ ತುದಿಗಳಲ್ಲಿ ಒಂದೊಂದು ಕೀಲು. ಗೇರ್‌ಬಾಕ್ಸಿನ ಕಡೆಯಿಂದ ಒಂದು ಕವಲು, ಶಾಫ್ಟಿನ ಕಡೆಯಿಂದ ಇನ್ನೊಂದು ಕವಲು, ಎರಡರ ನಡುವೆ ಕೂಡಿಸುವ ಚಿಹ್ನೆಯಂಥ ಒಂದು ಉಕ್ಕಿನ ತುಂಡು. ಅದೇ ಕ್ರಾಸ್. ಅದರ ನಾಲ್ಕು ಕೈಗಳಿಗೆ ನಾಲ್ಕು ಟೊಪ್ಪಿಗಳು. ಅವಕ್ಕೆ ಕಪ್ ಎಂದು ಹೆಸರು. ಕಪ್ಪಿನ ಒಳಗೆ ಸುತ್ತಲೂ ಸೂಜಿಯಂಥ ಸಣ್ಣ ರೋಲರುಗಳು ಮತ್ತು ಗ್ರೀಸು. ಕವಲಿಗೆ ಯೋಕ್ ಎನ್ನುತ್ತಾರೆ, ಇಡೀ ಜೋಡಣೆಗೆ ಯೂನಿವರ್ಸಲ್ ಜಾಯಿಂಟ್. ನಮಗೆ ಕೀಲು ಎಂಬ ಒಳ್ಳೆಯ ಶಬ್ದ ಮೊದಲೇ ಇದೆ. ಎತ್ತಿನ ಗಾಡಿಗೆ ಹಾಕುತ್ತಿದ್ದ ಕೀಲೆಣ್ಣೆಯಲ್ಲಿರುವುದೂ ಅದೇ.

ಜರ್ಮನಿ, ಫ್ರಾನ್ಸ್, ಇಟಲಿಗಳಲ್ಲಿ ಇದನ್ನು ಕಾರ್ಡನ್ ಎಂದು ಕರೆಯುತ್ತಾರೆ. ಗಿರೊಲಾಮೊ ಕಾರ್ಡಾನೊ (1501–1576) ಇಟಲಿಯ ವೈದ್ಯ ಮತ್ತು ಗಣಿತಜ್ಞ, ಘನ ಸಮೀಕರಣಗಳನ್ನು ಬಿಡಿಸುವ ಕ್ರಮವನ್ನು 1545ರಲ್ಲಿ ಪ್ರಕಟಿಸಿದವನು. 1550ರಲ್ಲಿ ಬಂದ ಅವನ ಇನ್ನೊಂದು ಪುಸ್ತಕದಲ್ಲಿ, ಬಳೆಯೊಳಗೆ ಬಳೆಯನ್ನು ತೂಗುಹಾಕಿ, ಹೊರಗಿನದು ಹೇಗೆ ವಾಲಿದರೂ ಒಳಗಿನ ವಸ್ತು ನೆಟ್ಟಗೆ ನಿಲ್ಲುವ ಜೋಡಣೆಯ ವಿವರಣೆ ಇದೆ. ಹಡಗಿನ ದಿಕ್ಸೂಚಿಯನ್ನು ಹಾಗೆಯೇ ತೂಗುಹಾಕುತ್ತಾರೆ. ಈ ಯುಕ್ತಿ ಗ್ರೀಕರಿಗೂ ಚೀನದವರಿಗೂ ಅವನಿಗಿಂತ ಬಹಳ ಮೊದಲೇ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ತೂಗುಹಾಕುವುದೇ ಬೇರೆ, ಒಂದು ಸರಳಿನ ತಿರುಗಾಟವನ್ನು ಓರೆಯಾಗಿರುವ ಇನ್ನೊಂದು ಸರಳಿಗೆ ದಾಟಿಸುವುದೇ ಬೇರೆ. ಕೆಲಸ ಒಬ್ಬನದು, ಹೆಸರು ಇನ್ನೊಬ್ಬನದು ಎಂಬುದು ವಿಜ್ಞಾನದ ಚರಿತ್ರೆಯಲ್ಲಿ ಹೊಸದೇನೂ ಅಲ್ಲ ಬಿಡಿ. ಸ್ವೀಡನ್ನಿನವರು ಇದನ್ನೇ ತಮ್ಮ ದೇಶದ ಕ್ರಿಸ್ಟೋಫರ್ ಪೋಲ್ಹೆಮನ ಹೆಸರಿನಿಂದ ಕರೆಯುತ್ತಾರೆ.

ತಿರುಗಾಟ ದಾಟಿಸುವ ಕೀಲನ್ನು 1664ರಲ್ಲಿ ಪುಸ್ತಕಕ್ಕೆ ಇಳಿಸಿದವನು ಗ್ಯಾಸ್ಪರ್ ಶಾಟ್ ಎಂಬ ಜರ್ಮನ್ ಜೆಸ್ವಿಟ್ ಪಾದ್ರಿ. ಒಂದು ಸರಳು ಯಾವ ವೇಗದಲ್ಲಿ ತಿರುಗುತ್ತದೆಯೋ ಇನ್ನೊಂದೂ ಅದೇ ವೇಗದಲ್ಲಿ ತಿರುಗುತ್ತದೆ ಎಂದು ಅವನು ಬರೆದ. ನೋಡಿದ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಈಚೆಗೆ ಒಂದು ಸುತ್ತು ತಿರುಗಿಸಿದರೆ ಆಚೆಗೆ ಒಂದು ಸುತ್ತು ಸರಿಯಾಗಿ ಬರುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಂದು ಸುತ್ತಿನ ಒಳಗೆ ಏನು ನಡೆಯುತ್ತದೆ ಎಂದು ಅವನು ನೋಡಲಿಲ್ಲ.

ನೋಡಿದವನು ರಾಬರ್ಟ್ ಹುಕ್ (1635–1703). ನಮ್ಮ ಮಕ್ಕಳಿಗೆ ಹುಕ್ ಎರಡು ಕಡೆ ಪರಿಚಿತ. ಜೀವಶಾಸ್ತ್ರದಲ್ಲಿ, 1665ರಲ್ಲಿ ಬೆಂಡಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೋಶ ಎಂಬ ಹೆಸರು ಕೊಟ್ಟವನಾಗಿ. ಭೌತಶಾಸ್ತ್ರದಲ್ಲಿ, ಸ್ಪ್ರಿಂಗಿನ ಹಿಗ್ಗುವಿಕೆ ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮದವನಾಗಿ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಸಭೆಯ ಎದುರು ಪ್ರಯೋಗ ಮಾಡಿ ತೋರಿಸುವುದು ಅವನ ನೌಕರಿ. ಸೂರ್ಯನನ್ನು ನೋಡುವ ಉಪಕರಣಗಳ ಬಗ್ಗೆ 1676ರಲ್ಲಿ ಅವನದೊಂದು ಸಣ್ಣ ಪುಸ್ತಕ ಬಂತು. ಯೂನಿವರ್ಸಲ್ ಜಾಯಿಂಟ್ ಎಂಬ ಹೆಸರು ಈ ಕೀಲಿಗೆ ಮೊದಲು ಸಿಕ್ಕಿದ್ದು ಅದರಲ್ಲಿ. ಸ್ಪ್ರಿಂಗಿನ ನಿಯಮವನ್ನೂ ಅವನು ಅದೇ ಪುಸ್ತಕದಲ್ಲಿ ಮುದ್ರಿಸಿದ, ಆದರೆ ಅಕ್ಷರಗಳನ್ನೆಲ್ಲ ಕಲಸಿ ಒಗಟು ಮಾಡಿ. ಬೇರೆ ಯಾರೂ ತಮ್ಮದೆನ್ನಬಾರದೆಂಬ ಎಚ್ಚರ. ಒಗಟನ್ನು ಬಿಡಿಸಿ ಹೇಳಿದ್ದು 1678ರಲ್ಲಿ. ಹೀಗೆ ಸ್ಪ್ರಿಂಗು ಮತ್ತು ಕೀಲು ಒಂದೇ ಪುಸ್ತಕದಲ್ಲಿ ಹೊರಬಂದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಕ್ ಕಂಡುಕೊಂಡದ್ದನ್ನು ತರಗತಿಯಲ್ಲಿ ತೋರಿಸಲು ಬಹಳ ಖರ್ಚಿಲ್ಲ. ಬಾಕ್ಸ್ ಸ್ಪ್ಯಾನರ್ ಸೆಟ್ಟಿನಲ್ಲಿ ಬಾಗುವ ಜಾಯಿಂಟು ಒಂದು ಇರುತ್ತದೆ. ಅದನ್ನು ಒಬ್ಬ ಮೆಕ್ಯಾನಿಕ್‌ನಿಂದ ಕೇಳಿ ತಂದೆವು. ಎರಡೂ ಬದಿಗೆ ಸರಳು ಸಿಕ್ಕಿಸಿ, ಪ್ರತಿಯೊಂದಕ್ಕೂ ಡಿಗ್ರಿ ಗುರುತು ಮಾಡಿದ ರಟ್ಟಿನ ತಟ್ಟೆ ಅಂಟಿಸಿ, ಕೀಲನ್ನು 45 ಡಿಗ್ರಿ ಬಾಗಿಸಿ ಹಲಗೆಗೆ ಕಟ್ಟಿದೆವು. ಎರಡೂ ತಟ್ಟೆಗಳು ಸೊನ್ನೆಯಿಂದ ಹೊರಡುತ್ತವೆ. ಈಚಿನದು 90 ಮುಟ್ಟಿದಾಗ ಆಚಿನದೂ 90, 180ಕ್ಕೆ 180. ಶಾಟ್ ಹೇಳಿದ್ದು ಸರಿ ಎಂದು ಮಕ್ಕಳೆಲ್ಲ ಹೇಳಿದರು. ಆಮೇಲೆ ನಡುವಿನ 45ರಲ್ಲಿ ನಿಲ್ಲಿಸಿದೆವು. ಆಚಿನ ತಟ್ಟೆ ತೋರಿಸಿದ್ದು ಸುಮಾರು 35. ಸೊನ್ನೆಯಲ್ಲಿದ್ದಾಗ ಕವಲು ಹೇಗೆ ನಿಂತಿತ್ತು ಎಂಬುದರ ಮೇಲೆ ಇದು 35 ಆಗುತ್ತದೆ ಅಥವಾ 55 ಆಗುತ್ತದೆ. ಹತ್ತು ಡಿಗ್ರಿ ಹಿಂದೆ ಬಿದ್ದು, ಮತ್ತೆ ಓಡಿ ಬಂದು 90ರಲ್ಲಿ ಜೊತೆಗೂಡುತ್ತದೆ! ಎಂದರೆ ಪ್ರತಿ ಸುತ್ತಿನಲ್ಲಿ ಎರಡು ಸಲ ನಿಧಾನ, ಎರಡು ಸಲ ಅವಸರ. ಹತ್ತನೆಯವರಿಗೆ ಲೆಕ್ಕವನ್ನೂ ಕೊಟ್ಟೆವು. ಒಂದು ಕೋನದ ಟ್ಯಾನ್ಜೆಂಟನ್ನು ಬಾಗಿದ ಕೋನದ ಕೊಸೈನಿನಿಂದ ಗುಣಿಸಿದರೆ ಇನ್ನೊಂದು ಕೋನದ ಟ್ಯಾನ್ಜೆಂಟು. 45ರ ಟ್ಯಾನ್ಜೆಂಟು 1, ಕೊಸೈನು 0.707, ಆದುದರಿಂದ ಉತ್ತರ 35.3 ಡಿಗ್ರಿ.

ಗಾಡಿಯಲ್ಲಿ ಕೀಲು ಇಷ್ಟು ಬಾಗುವುದಿಲ್ಲ. 10 ಡಿಗ್ರಿ ಬಾಗಿದೆ ಎಂದು ಇಟ್ಟುಕೊಳ್ಳಿ. ಗೇರ್‌ಬಾಕ್ಸು ನಿಮಿಷಕ್ಕೆ ಒಂದೇ ಸಮ 1000 ಸುತ್ತು ತಿರುಗುತ್ತಿದ್ದರೆ ಶಾಫ್ಟು ಪ್ರತಿ ಸುತ್ತಿನಲ್ಲೂ ಎರಡೆರಡು ಬಾರಿ 985ಕ್ಕೆ ಇಳಿದು 1015ಕ್ಕೆ ಏರುತ್ತದೆ. 30 ಡಿಗ್ರಿಯಾದರೆ 866ರಿಂದ 1155ರವರೆಗೆ. ಹೊಸದಾದರೂ ಹಳೆಯದಾದರೂ, ಎಷ್ಟು ಬೆಲೆಬಾಳುವ ಕ್ರಾಸಾದರೂ ಇದು ತಪ್ಪುವುದಿಲ್ಲ. ಇದು ಸವೆತದಿಂದ ಬರುವ ದೋಷವಲ್ಲ, ಕೀಲಿನ ಹುಟ್ಟುಗುಣ.

ಹುಕ್ ಇದನ್ನು ದೋಷವೆಂದು ಬಿಡದೆ ಕೆಲಸಕ್ಕೆ ಹಚ್ಚಿದ್ದು ನಮಗೆ ತುಂಬ ಇಷ್ಟವಾದ ಭಾಗ. ನೆರಳು ಗಡಿಯಾರ ನೋಡಿದ್ದೀರಲ್ಲ? ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಸಮವಾಗಿ ಸರಿದರೂ ನೆಲದ ಮೇಲೆ ಸಮತಟ್ಟಾಗಿಟ್ಟ ಫಲಕದಲ್ಲಿ ನೆರಳು ಸಮವಾಗಿ ಸರಿಯುವುದಿಲ್ಲ. ಆ ಏರುಪೇರಿನ ಸೂತ್ರವೂ ಕೀಲಿನ ಏರುಪೇರಿನ ಸೂತ್ರವೂ ಅಕ್ಷರಶಃ ಒಂದೇ. ಆದ್ದರಿಂದ ಸಮನಾಗಿ ತಿರುಗುವ ಸರಳಿಗೆ ತಕ್ಕಷ್ಟು ಬಾಗಿಸಿದ ಕೀಲನ್ನು ಸೇರಿಸಿದರೆ ಅದರ ಆಚೆಯ ಮುಳ್ಳು ನೆರಳಿನ ಹಾಗೆಯೇ ನಡೆಯುತ್ತದೆ. ಎಷ್ಟು ಬಾಗಿಸಬೇಕು? 90ರಿಂದ ಊರಿನ ಅಕ್ಷಾಂಶವನ್ನು ಕಳೆದಷ್ಟು. ಲಂಡನ್ನಿನ ಅಕ್ಷಾಂಶ 51.5, ಕಳೆದರೆ 38.5 ಡಿಗ್ರಿ, ಕೀಲು ಅಷ್ಟು ಬಾಗಿಯೂ ತಿರುಗೀತು. ನಮ್ಮ ಕಾಸರಗೋಡಿನ ಅಕ್ಷಾಂಶ 12.5. ಕಳೆದರೆ 77.5 ಡಿಗ್ರಿ, ಅಷ್ಟು ಬಾಗಿಸಿದರೆ ಕವಲಿಗೆ ಕವಲು ತಾಗಿ ನಿಂತೇಬಿಡುತ್ತದೆ. ಹುಕ್ ನಮ್ಮ ಕುಂಬಳೆಯಲ್ಲೋ ನೀಲೇಶ್ವರದಲ್ಲೋ ಹುಟ್ಟಿದ್ದರೆ ಈ ಉಪಕರಣ ಅವನಿಗೆ ಹೊಳೆಯುತ್ತಿತ್ತೋ ಇಲ್ಲವೋ!

ಸಮನಾದ ತಿರುಗಾಟ ಬೇಕಾದವರಿಗೆ ಪರಿಹಾರವನ್ನೂ ಅವನೇ 1683ರಲ್ಲಿ ಸೂಚಿಸಿದ. ನಡುವೆ ಒಂದು ಸರಳನ್ನಿಟ್ಟು ಅದರ ಎರಡೂ ತುದಿಗಳಿಗೆ ಒಂದೊಂದು ಕೀಲು ಹಾಕುವುದು. ಮೊದಲ ಕೀಲು ಅವಸರ ಮಾಡಿಸಿದಾಗ ಎರಡನೆಯದು ಅಷ್ಟೇ ನಿಧಾನ ಮಾಡಿಸಬೇಕು. ಅದಕ್ಕೆ ಎರಡು ಷರತ್ತುಗಳಿವೆ. ಎರಡೂ ಕಡೆ ಬಾಗಿದ ಕೋನ ಸಮನಾಗಿರಬೇಕು. ನಡುವಿನ ಸರಳಿನ ಎರಡು ತುದಿಯ ಕವಲುಗಳು ಒಂದೇ ಸಮತಲದಲ್ಲಿ ಇರಬೇಕು. ನೆಲದ ಮೇಲಿಟ್ಟರೆ ಎರಡೂ ಒಟ್ಟಿಗೆ ಮಲಗಬೇಕು. ಇದು ತಪ್ಪಿ ಒಂದು ಕವಲು ಮಲಗಿ ಇನ್ನೊಂದು ನಿಂತರೆ ಒಂದರ ಏರುಪೇರನ್ನು ಇನ್ನೊಂದು ಕಳೆಯುವುದಿಲ್ಲ, ಕೂಡಿಸುತ್ತದೆ. ಹತ್ತು ಡಿಗ್ರಿಯ ಎರಡು ಕೀಲುಗಳಲ್ಲಿ 1000 ಎಂಬುದು 970ಕ್ಕೆ ಇಳಿದು 1031ಕ್ಕೆ ಏರುತ್ತದೆ. ಷರತ್ತುಗಳೆರಡೂ ಸರಿಯಿದ್ದಾಗಲೂ ನಡುವಿನ ಸರಳು ಮಾತ್ರ ಏರುಪೇರಾಗಿಯೇ ತಿರುಗುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಹಾಗಾಗಿ ಕೋನ ಚಿಕ್ಕದಿದ್ದಷ್ಟೂ ಒಳ್ಳೆಯದು.

ಮುಂದಿನ ಇನ್ನೂರು ವರ್ಷ ಈ ಕೀಲು ಕಾರ್ಖಾನೆಗಳ ಮೂಲೆಯಲ್ಲಿ, ಪ್ರಾಧ್ಯಾಪಕರ ಪುಸ್ತಕಗಳಲ್ಲಿ ಇತ್ತು. ಇಂಗ್ಲೆಂಡಿನ ರಾಬರ್ಟ್ ವಿಲ್ಲಿಸ್ 1841ರಲ್ಲಿ, ಫ್ರಾನ್ಸಿನ ಪೊನ್ಸೆಲೆ 1845ರ ಹೊತ್ತಿಗೆ ಅದರ ಚಲನೆಯ ಗಣಿತವನ್ನು ಪೂರ್ತಿ ಬಿಡಿಸಿಟ್ಟರು. ಅಮೆರಿಕದ ಎಫ್ರಾಯಿಂ ಶೇ ಎಂಬವನು 1881ರಲ್ಲಿ ಪೇಟೆಂಟ್ ಪಡೆದ, ಕಾಡಿನಿಂದ ಮರ ಸಾಗಿಸುವ ರೈಲು ಇಂಜಿನ್ನಿನಲ್ಲಿ ಈ ಕೀಲುಗಳಿದ್ದವು. ಮೊದಲ ಮೋಟಾರು ಗಾಡಿಗಳು ಮಾತ್ರ ಇದರ ತಂಟೆಗೆ ಹೋಗಲಿಲ್ಲ. ಬೆಲ್ಟು, ಸೈಕಲ್ಲಿನಂಥ ಚೈನು, ಅಷ್ಟರಲ್ಲೇ ನಡೆದುಹೋಗುತ್ತಿತ್ತು. ಚೈನಿಗೆ ಧೂಳು ಹಿಡಿಯುತ್ತಿತ್ತು, ಸದ್ದು ವಿಪರೀತ, ತುಂಡಾಗುವುದೂ ಇತ್ತು.

1898ರ ಡಿಸೆಂಬರ್ 24ರ ರಾತ್ರಿ ಪ್ಯಾರಿಸಿನಲ್ಲಿ ಲೂಯಿ ರೆನೊ ಎಂಬ ಇಪ್ಪತ್ತೊಂದು ವರ್ಷದ ಹುಡುಗ ತಾನೇ ಕಟ್ಟಿದ ಪುಟ್ಟ ಕಾರನ್ನು ಮೊಮಾರ್ತ್ ಗುಡ್ಡದ ಏರುದಾರಿಯಲ್ಲಿ ಹತ್ತಿಸಿ ತೋರಿಸಿದ. ಅದರಲ್ಲಿ ಚೈನು ಇರಲಿಲ್ಲ. ಇಂಜಿನ್ ಮುಂದೆ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಕೀಲಿರುವ ಶಾಫ್ಟು. ಮುಂದೆ ಬಂದ ಕೋಟ್ಯಂತರ ಕಾರುಗಳ ಅಡಿಪಾಯ ಹೆಚ್ಚುಕಡಿಮೆ ಅದೇ. ಆದರೆ ಬರಿಮೈಯ ಆ ಕೀಲು ಕೆಸರು ತಿಂದು ಬೇಗ ಸವೆಯುತ್ತಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಲಾರೆನ್ಸ್ ಸ್ಪೈಸರ್ ಕೀಲನ್ನು ಕವಚದೊಳಗೆ ಮುಚ್ಚಿ, ಎಣ್ಣೆ ಹೊರಹೋಗದಂತೆ ಧೂಳು ಒಳಬಾರದಂತೆ ಮಾಡಿ 1903ರಲ್ಲಿ ಪೇಟೆಂಟ್ ಪಡೆದ. 1904ರಲ್ಲಿ ನ್ಯೂಜೆರ್ಸಿಯಲ್ಲಿ ತಯಾರಿಕೆ ಶುರುಮಾಡಿದ. ಕೀಲು ಹೊಸದಲ್ಲ, ಗಣಿತವೂ ಹೊಸದಲ್ಲ. ಅವನು ಕೊಟ್ಟದ್ದು ಒಂದು ಸೂರು ಮತ್ತು ಒಂದಿಷ್ಟು ಕೀಲೆಣ್ಣೆ. ಇನ್ನೂರು ವರ್ಷ ಕಾದಿದ್ದ ವಸ್ತು ರಸ್ತೆಗಿಳಿಯಲು ಅಷ್ಟು ಸಾಕಾಯಿತು. 1930ರ ದಶಕದ ಹೊತ್ತಿಗೆ ಸೂಜಿ ರೋಲರಿನ ಕಪ್ಪುಗಳೂ ಬಂದು ಕ್ರಾಸು ಇಂದಿನ ರೂಪ ತಾಳಿತು.

ಅದೇ ಹೊತ್ತಿಗೆ ಫೋರ್ಡಿನವನ ಟಿ ಮಾದರಿಯ ಕಾರು (1908–1927) ಶಾಫ್ಟನ್ನು ಒಂದು ದಪ್ಪ ಕೊಳವೆಯೊಳಗಿಟ್ಟು ಒಂದೇ ಕೀಲಿನಲ್ಲಿ ಕೆಲಸ ಮುಗಿಸಿತ್ತು. ಒಂದೇ ಕೀಲಾದರೆ ಏರುಪೇರನ್ನು ಕಳೆಯುವವರಿಲ್ಲ. ಆದರೆ ಆ ಕಾರಿನ ವೇಗಕ್ಕೆ ಅದು ಯಾರಿಗೂ ದೊಡ್ಡ ತೊಂದರೆ ಎನಿಸಿರಲಾರದು. ವೇಗ ಹೆಚ್ಚಿದ ಮೇಲೆಯೇ ಹುಕ್ಕನ ಲೆಕ್ಕ ಸವಾರರ ಬೆನ್ನುಮೂಳೆಗೆ ತಾಗಿದ್ದು.

ನಮ್ಮ ದೇಶದಲ್ಲಿ ಈ ಕೀಲು ಹಳ್ಳಿಹಳ್ಳಿಗೆ ತಲುಪಿದ್ದು ಎರಡು ಗಾಡಿಗಳ ಜೊತೆ. ಒಂದು, ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪು. ಅದರ ಆಕ್ಸಲ್, ಪ್ರೊಪೆಲ್ಲರ್ ಶಾಫ್ಟುಗಳೆಲ್ಲ ಅದೇ ಸ್ಪೈಸರ್ ಕಂಪೆನಿಯವು. ಮಹೀಂದ್ರದವರು 1940ರ ದಶಕದ ಕೊನೆಯಿಂದ ಅದನ್ನಿಲ್ಲಿ ಜೋಡಿಸಿ, ಆಮೇಲೆ ತಾವೇ ತಯಾರಿಸಿ ಮಾರಿದರು. ಇನ್ನೊಂದು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಬಂಗಾಳದ ಉತ್ತರಪಾರಾಕ್ಕೆ ತಂದು ಮಾಡಿದ ಅಂಬಾಸಿಡರ್. 1950ರ ದಶಕದ ಕೊನೆಗೆ ಹುಟ್ಟಿ 2014ರ ಮೇ ತಿಂಗಳಲ್ಲಿ ನಿಂತಿತು. ನಮ್ಮ ಪೇಟೆಗಳ ಕಾರ್ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲುತ್ತಿದ್ದದ್ದು ಅಂಬಾಸಿಡರ್. ಗುಡ್ಡೆಯ ಮೇಲಿನ ಮನೆಗಳಿಗೆ ಅಡಿಕೆ, ಅಕ್ಕಿ, ಬಾಣಂತಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಜೀಪು.

ಅಂಥ ಒಬ್ಬರು ಜೀಪಿನವರ ಸಂಗತಿ ಹೇಳಬೇಕು. ಅವರ ಮಕ್ಕಳಿಬ್ಬರೂ ನಮ್ಮಲ್ಲಿ ಓದಿದವರು. ಗಾಡಿ ನಲವತ್ತು ಕಿಲೋಮೀಟರ್ ವೇಗ ದಾಟಿದರೆ ಸೀಟಿನ ಅಡಿಯಿಂದ ಗುಂಯ್ಗುಟ್ಟುವ ನಡುಕ. ಒಂದು ವರ್ಷದಲ್ಲಿ ಮೂರು ಸಲ ಕ್ರಾಸ್ ಬದಲಾಯಿಸಿದ್ದರು. ಪ್ರತಿ ಸಲ ಒಂದು ದಿನದ ಬಾಡಿಗೆ ಹೋಯಿತು, ಸಾಮಾನಿನ ದುಡ್ಡು ಬೇರೆ. "ಮಾಷ್ಟ್ರೇ, ಇನ್ನು ಇದನ್ನು ಮಾರುವುದೇ" ಎಂದು ಅವರು ಹೇಳಿದ್ದು ಮಕ್ಕಳ ಫೀಸಿನ ಮಾತು ಬಂದಾಗ. ಕೊನೆಗೆ ಒಬ್ಬ ಹಿರಿಯ ಮೇಸ್ತ್ರಿ ಗಾಡಿಯ ಅಡಿಗೆ ಬಗ್ಗಿ ನೋಡಿ, ಕ್ರಾಸನ್ನು ಮುಟ್ಟದೆಯೇ, "ಶಾಫ್ಟು ತಿರುಚಿ ಕೂತಿದೆ" ಎಂದರು. ಜೀಪಿನ ಶಾಫ್ಟು ಒಂದೇ ತುಂಡಲ್ಲ. ಆಕ್ಸಲ್ ಕುಣಿದಾಗ ಉದ್ದ ಹೆಚ್ಚುಕಡಿಮೆಯಾಗಬೇಕಾದ್ದರಿಂದ ಒಂದು ತುದಿಯ ಕವಲು ಹಲ್ಲುಹಲ್ಲಿನ ತೋಳಿನಲ್ಲಿ ಹಿಂದೆ ಮುಂದೆ ಜಾರುತ್ತದೆ. ಬಿಚ್ಚಿ ಪುನಃ ಹಾಕುವಾಗ ಯಾವ ಹಲ್ಲಿಗೆ ಬೇಕಾದರೂ ಕೂರಿಸಬಹುದು. ಸರಿಯಾದ ಜಾಗಕ್ಕೆ ಎರಡೂ ಕಡೆ ಬಾಣದ ಗುರುತು ಹೊಡೆದಿರುತ್ತಾರೆ, ಆದರೆ ವರ್ಷಗಟ್ಟಲೆಯ ಗ್ರೀಸು ಮಣ್ಣಿನ ಅಡಿಯಲ್ಲಿ ಬಾಣ ಯಾರಿಗೆ ಕಾಣುತ್ತದೆ? ಮೊದಲ ಸಲ ಬಿಚ್ಚಿದಾಗಲೇ ಅದು ತಪ್ಪಿ ಕೂತಿತ್ತು. ಮೇಸ್ತ್ರಿ ಸೀಮೆಎಣ್ಣೆಯಲ್ಲಿ ತೊಳೆದು, ಬಾಣಕ್ಕೆ ಬಾಣ ಹಿಡಿದು ಕೂರಿಸಿದರು. ನಡುಕ ನಿಂತಿತು. 1683ರಲ್ಲಿ ಗೊತ್ತಿದ್ದ ಷರತ್ತು ಅದು. ಮೇಸ್ತ್ರಿಗೆ ಹುಕ್ಕನ ಹೆಸರು ಗೊತ್ತಿರಲಿಲ್ಲ, ಕವಲು ಗೊತ್ತಿತ್ತು. ಆಗಾಗ ಕ್ರಾಸು ಹಾಳಾಗಿದ್ದು ನಡುಕದ ಫಲ; ಅದನ್ನೇ ಕಾರಣವೆಂದು ತಿಳಿದು ದುಡ್ಡು ಸುರಿದದ್ದಾಯಿತು.

ಹಾಗಾದರೆ ನಡುಕ ಎಲ್ಲಿಂದ ಎಂದು ತಿಳಿಯುವುದು ಹೇಗೆ? ಇದಕ್ಕೂ ಲೆಕ್ಕವೇ ದಾರಿ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1000 ಮೀಟರ್. ಚಕ್ರದ ಸುತ್ತಳತೆ 2 ಮೀಟರ್ ಇದ್ದರೆ ನಿಮಿಷಕ್ಕೆ 500 ಸುತ್ತು, ಸೆಕೆಂಡಿಗೆ 8. ಹಿಂದಿನ ಕ್ರೌನ್ ಮತ್ತು ಪಿನಿಯನ್ನಿನ ಅನುಪಾತ ನಾಲ್ಕೂವರೆ ಎಂದಾದರೆ ಶಾಫ್ಟು ನಿಮಿಷಕ್ಕೆ 2250, ಸೆಕೆಂಡಿಗೆ 37 ಚಿಲ್ಲರೆ ಸುತ್ತು. ಚಕ್ರದ ದೋಷ ಸೆಕೆಂಡಿಗೆ 8 ಸಲ ಕುಲುಕುತ್ತದೆ; ಸ್ಟೇರಿಂಗಿನಲ್ಲಿ, ಸೀಟಿನಲ್ಲಿ ಕುಲುಕಾಟವಾಗಿಯೇ ಗೊತ್ತಾಗುತ್ತದೆ. ಶಾಫ್ಟಿನ ತೂಕ ಒಂದು ಬದಿಗೆ ಹೆಚ್ಚಿದ್ದರೆ ಸುತ್ತಿಗೊಂದರಂತೆ 37 ಸಲ. ಕವಲು ಅಥವಾ ಕೋನದ ದೋಷವಾದರೆ ಸುತ್ತಿಗೆ ಎರಡು, ಎಂದರೆ 75 ಸಲ. ಮನುಷ್ಯನ ಕಿವಿಗೆ 20ರಿಂದ ಮೇಲಿನದು ಸದ್ದಾಗಿ ಕೇಳಿಸುತ್ತದೆ ಎಂದು ಪಾಠದಲ್ಲಿದೆಯಲ್ಲ, ಅದಕ್ಕೇ ಶಾಫ್ಟಿನ ದೋಷ ಕುಲುಕಾಟಕ್ಕಿಂತ ಹೆಚ್ಚಾಗಿ ಗುಂಯ್ಗುಡುವಿಕೆಯಾಗಿ ಬರುತ್ತದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕಾಗುತ್ತದೆ, ಗೇರಿನ ಕೋಲು ಜುಂ ಎನ್ನುತ್ತದೆ.

ಇಂಜಿನ್ನಿನ ನಡುಕವೋ ಶಾಫ್ಟಿನದೋ ಎಂಬ ಸಂಶಯವಿದ್ದರೆ ಅದೇ ವೇಗದಲ್ಲಿ ಗೇರು ಬದಲಿಸಿ ನೋಡುವುದು. ಇಂಜಿನ್ನಿನ ಸುತ್ತು ಬದಲಾದರೂ ನಡುಕ ಬದಲಾಗದಿದ್ದರೆ ಇಂಜಿನ್ ನಿರಪರಾಧಿ. ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಎಂದಾದರೆ ಕೋನವನ್ನು ಶಂಕಿಸಬೇಕು. ಒತ್ತಿದಾಗ ಹಿಂದಿನ ಆಕ್ಸಲ್ ಮೂಗು ಎತ್ತುತ್ತದೆ, ಕೋನ ಬದಲಾಗುತ್ತದೆ. ತೂಕದ ದೋಷಕ್ಕೆ ಒತ್ತಿದರೂ ಬಿಟ್ಟರೂ ಒಂದೇ. ನಿಂತ ಗಾಡಿ ಹೊರಡುವಾಗ, ರಿವರ್ಸ್ ಹಾಕುವಾಗ 'ಟಕ್' ಎಂದರೆ, ನಿಧಾನ ಹೋಗುವಾಗ ಹಕ್ಕಿಮರಿಯಂತೆ ಕೀಂ ಕೀಂ ಎಂದರೆ, ಕಪ್ಪಿನ ಸುತ್ತ ಕೆಂಪು ತುಕ್ಕಿನ ಹುಡಿ ಕಂಡರೆ ಆಗ ನಿಜವಾಗಿಯೂ ಕ್ರಾಸ್ ಹೋಗಿದೆ. ಗಾಡಿಯ ಅಡಿಗೆ ಹೋಗಿ ಎರಡು ಕವಲುಗಳನ್ನು ಎರಡು ಕೈಯಲ್ಲಿ ಹಿಡಿದು ವಿರುದ್ಧ ತಿರುಚಿ ನೋಡಬೇಕು. ಆ ಎರಡರ ನಡುವೆ ಕೂದಲೆಳೆಯಷ್ಟು ಆಟವೂ ಇರಬಾರದು. ಮಕ್ಕಳೇ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ. ಗುಂಡಿ ಇರುವಲ್ಲಿ, ಚಕ್ರಕ್ಕೆ ಅಡ್ಡ ಕೊಟ್ಟ ಮೇಲೆ, ದೊಡ್ಡವರ ಜೊತೆಗೆ ಮಾತ್ರ.

ಹೊಸ ಕ್ರಾಸ್ ಕೂರಿಸುವುದರಲ್ಲೂ ಹದ ಇದೆ. ಬಿಚ್ಚುವ ಮೊದಲು ಫ್ಲೇಂಜುಗಳಿಗೂ ಜಾರುವ ತೋಳಿಗೂ ಚಾಣದಿಂದ ಗುರುತು ಹಾಕಬೇಕು. ಕಪ್ಪು ಯೋಕಿನ ತೂತಿನೊಳಗೆ ಬಿಗಿಯಾಗಿ, ವೈಸಿನಲ್ಲಿ ಒತ್ತಿದರೆ ಮಾತ್ರ ಹೋಗಬೇಕು. ಹೆಬ್ಬೆರಳಿನಿಂದ ಒತ್ತಿದಾಗಲೇ ಹೋಯಿತೆಂದರೆ ತೂತು ಸವೆದಿದೆ ಎಂದರ್ಥ. ಎಷ್ಟು ಕ್ರಾಸ್ ಹಾಕಿದರೂ ಫಲವಿಲ್ಲ, ಯೋಕನ್ನೇ ಬದಲಿಸಬೇಕು. ತೂತಿನ ಅಂಚಿಗೆ ಪಂಚ್ ಹೊಡೆದು, ಡಬ್ಬಿಯ ತಗಡು ಕತ್ತರಿಸಿ ತುರುಕಿ ಬಿಗಿ ಮಾಡುವ ಉಪಾಯವನ್ನು ನಾವು ಕಂಡಿದ್ದೇವೆ. ಅದರಿಂದ ಆಟ ಹೋಗುತ್ತದೆ, ಜೊತೆಗೆ ಶಾಫ್ಟಿನ ಕೇಂದ್ರವೂ ಹೋಗುತ್ತದೆ. ಆ ತುದಿಯ ಭಾರ 5 ಕಿಲೋ ಇದ್ದು ಕೇಂದ್ರ ಅರ್ಧ ಮಿಲಿಮೀಟರ್ ತಪ್ಪಿದರೆ 2250 ಸುತ್ತಿನಲ್ಲಿ ಹುಟ್ಟುವ ಬಲ ಸುಮಾರು 139 ನ್ಯೂಟನ್, ಎಂದರೆ 14 ಕಿಲೋ ಅಕ್ಕಿಯ ಚೀಲವನ್ನು ಸೆಕೆಂಡಿಗೆ 37 ಸಲ ಸುತ್ತ ಬೀಸಿದಂತೆ. ಇನ್ನು, ಕಪ್ಪು ಪೂರ್ತಿ ಒಳಗೆ ಹೋಗದೆ ಸರ್‌ಕ್ಲಿಪ್ಪಿನ ಗಾಡಿ ಕಾಣದಿದ್ದರೆ ಸುತ್ತಿಗೆಯಲ್ಲಿ ಹೊಡೆಯಬಾರದು. ಒಂದು ಸೂಜಿ ಅಡ್ಡಬಿದ್ದು ಕಪ್ಪಿನ ತಳದಲ್ಲಿ ಮಲಗಿರುತ್ತದೆ. ಬಿಚ್ಚಿ, ಗ್ರೀಸಿನಲ್ಲಿ ಅಂಟಿಸಿ, ಎಲ್ಲ ಸೂಜಿಗಳನ್ನೂ ನಿಲ್ಲಿಸಿ ಪುನಃ ಹಾಕಬೇಕು. ಕೂತ ಮೇಲೆ ಕೀಲು ಕೈಯಿಂದ ಎಲ್ಲ ಕಡೆಗೂ ಸಲೀಸಾಗಿ ಆಡಬೇಕು, ಆದರೆ ಅಲುಗಬಾರದು. ಒಂದು ಕಡೆಗೆ ಬಿಗಿಯೆನಿಸಿದರೆ ಯೋಕಿನ ಕಿವಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಕಪ್ಪು ಸರ್‌ಕ್ಲಿಪ್ಪಿಗೆ ಒರಗಿ ಸಡಿಲಾಗುತ್ತದೆ.

ಈಗ ಹುಕ್ಕನ ಸ್ಪ್ರಿಂಗು. ಅಂಬಾಸಿಡರಿನ ಹಿಂದಿನ ಪಟ್ಟಿಗಳು ವರ್ಷ ಕಳೆದಂತೆ ಕುಸಿಯುತ್ತವೆ. ಭಾರ ತಾಳಲೆಂದು ಕೆಲವರು ಒಂದೆರಡು ಪಟ್ಟಿ ಹೆಚ್ಚು ಹಾಕಿಸುತ್ತಾರೆ. ಇತ್ತ ಗೇರ್‌ಬಾಕ್ಸಿನ ಅಡಿಯ ರಬ್ಬರು ಎಣ್ಣೆ ಕುಡಿದು ಮೆತ್ತಗಾಗಿ ಕೂತಿರುತ್ತದೆ. ಸ್ಪ್ರಿಂಗು ತನ್ನ ನಿಯಮದಂತೆ ಬಾಗುತ್ತದೆ, ಕೀಲಿನ ಕೋನ ಕೆಡುತ್ತದೆ, ಕೀಲು ತನ್ನ ನಿಯಮದಂತೆ ನಡುಗಿಸುತ್ತದೆ. 1676ರ ಆ ಪುಸ್ತಕದ ಎರಡು ವಿಷಯಗಳು ಒಂದೇ ಕಾರಿನ ಅಡಿಯಲ್ಲಿ ಭೇಟಿಯಾಗುವುದು ಹೀಗೆ. ಇದನ್ನು ಅಳೆಯಲು ಜಾಮಿಟ್ರಿ ಬಾಕ್ಸಿನ ಕೋನಮಾಪಕವೇ ಸಾಕು. ಅದರ ಕೇಂದ್ರಕ್ಕೆ ನೂಲು ಕಟ್ಟಿ ತುದಿಗೆ ನಟ್ಟು ತೂಗಿಬಿಡಿ. ಗಾಡಿ ಸಮನೆಲದಲ್ಲಿ ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ, ಗೇರ್‌ಬಾಕ್ಸಿನ ಸರಳು ಎಷ್ಟು ವಾಲಿದೆ, ಹಿಂದಿನ ಪಿನಿಯನ್ನಿನ ಫ್ಲೇಂಜಿನ ಮುಖ ಎಷ್ಟು ವಾಲಿದೆ ಎಂದು ನೋಡಬೇಕು. ಎರಡೂ ಸರಳುಗಳು ಪರಸ್ಪರ ಸಮಾಂತರವಾಗಿದ್ದರೆ ಎರಡು ಕೀಲುಗಳ ಕೋನ ಸಮ. ಇಲ್ಲವಾದರೆ ರಬ್ಬರು ಬದಲಿಸುವುದು, ಪಟ್ಟಿ ಸರಿಪಡಿಸುವುದು, ಕೊನೆಗೆ ಆಕ್ಸಲ್ ಮತ್ತು ಪಟ್ಟಿಯ ನಡುವೆ ಓರೆ ಬೆಣೆ ಕೊಡುವುದು. ನಮ್ಮ ಒಂಬತ್ತನೆಯ ಮಕ್ಕಳು ಹೀಗೆ ಒಂದು ಹಳೆಯ ಅಂಬಾಸಿಡರನ್ನು ಅಳೆದು ಮೂರು ಡಿಗ್ರಿಯ ವ್ಯತ್ಯಾಸ ಹೇಳಿದಾಗ ಮಾಲೀಕರಿಗೆ ನಂಬಿಕೆ ಬರಲಿಲ್ಲ. ರಬ್ಬರು ನೋಡಿದ ಮೇಲೆ ಬಂತು.

ಕೋನವೇ ಇಲ್ಲದೆ ಪೂರ್ತಿ ನೆಟ್ಟಗಿದ್ದರೆ ಎಲ್ಲಕ್ಕಿಂತ ಒಳ್ಳೆಯದಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ನಡುಕಕ್ಕೆ ಒಳ್ಳೆಯದು, ಕ್ರಾಸಿಗೆ ಒಳ್ಳೆಯದಲ್ಲ. ಕೀಲು ಬಾಗದಿದ್ದರೆ ಸೂಜಿಗಳು ಉರುಳುವುದಿಲ್ಲ. ಇಡೀ ಭಾರವನ್ನು ಒಂದೇ ಜಾಗದಲ್ಲಿ ನಿಂತು ಹೊತ್ತು, ಕ್ರಾಸಿನ ಕೈಯ ಮೇಲೆ ಉಗುರಿನಲ್ಲಿ ಗೀರಿದಂಥ ಗೆರೆಗಳನ್ನು ಕೊರೆಯುತ್ತವೆ. ಒಂದೆರಡು ಡಿಗ್ರಿ ಬಾಗಿದ್ದರೇ ಗ್ರೀಸು ಹರಿದಾಡುತ್ತದೆ.

ಏರುಪೇರೇ ಇಲ್ಲದ ಕೀಲಿಗಾಗಿ ಹುಡುಕಾಟ ನಡೆದದ್ದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡಲು ಹೊರಟಾಗ. ಅಲ್ಲಿ ಸ್ಟೇರಿಂಗ್ ತಿರುಗಿಸಿದಷ್ಟೂ ಕೋನ ದೊಡ್ಡದಾಗುತ್ತದೆ, ಹುಕ್ಕನ ಕೀಲು ನಡೆಯುವುದಿಲ್ಲ. 1926ರಲ್ಲಿ ಫ್ರಾನ್ಸಿನ ಗ್ರೆಗ್ವಾರ್ ಮತ್ತು ಫೆನಾಯ್ ಒಂದು ಬಗೆಯನ್ನು, ಅದೇ ಹೊತ್ತಿಗೆ ಅಮೆರಿಕದಲ್ಲಿ ಆಲ್ಫ್ರೆಡ್ ಝೆಪ್ಪಾ ಗುಂಡುಗಳಿರುವ ಇನ್ನೊಂದು ಬಗೆಯನ್ನು ಮಾಡಿದರು. ಯುದ್ಧಕಾಲದ ಜೀಪುಗಳ ಮುಂದಿನ ಚಕ್ರಗಳಲ್ಲಿ ಇವು ಇದ್ದವು. 1959ರ ಬ್ರಿಟಿಷ್ ಮಿನಿ ಕಾರು ಗುಂಡಿನ ಕೀಲನ್ನು ಸಾಮಾನ್ಯರ ಕಾರಿಗೆ ತಂದಿತು; ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅದನ್ನು ಮನೆಮನೆಗೆ ತಂದಿತು. ಪ್ರೊಪೆಲ್ಲರ್ ಶಾಫ್ಟೇ ಇಲ್ಲದ ಕಾರು! ಈಗಿನ ಹುಡುಗರು ವರ್ಕ್‌ಶಾಪಿನಲ್ಲಿ ಹೇಳುವುದು "ಬೂಟ್ ಹರಿದಿದೆ" ಎಂದು. ರಬ್ಬರಿನ ಆ ಚೀಲ ಹರಿದು ಗ್ರೀಸು ಹೋದರೆ ತಿರುವಿನಲ್ಲಿ ಟಕಟಕ ಸದ್ದು.

ಹಾಗೆಂದು ಕ್ರಾಸು ಹೋಗಿಲ್ಲ. ಲಾರಿ, ಬಸ್ಸುಗಳಿಗೆ ಇಂದಿಗೂ ಅದೇ. ಮುಂದಿನ ಚಕ್ರದ ಸಣ್ಣ ಕಾರುಗಳಲ್ಲೂ ಡ್ರೈವರನ ಕಾಲಿನ ಹತ್ತಿರ ಬಗ್ಗಿ ನೋಡಿದರೆ ಸ್ಟೇರಿಂಗಿನ ಸರಳು ಕೆಳಗೆ ಹೋಗುವಲ್ಲಿ ಪುಟ್ಟ ಕ್ರಾಸ್ ಕಾಣುತ್ತದೆ, ಸಾಮಾನ್ಯವಾಗಿ ಎರಡಿರುತ್ತವೆ. ಬಿಚ್ಚಿ ಪುನಃ ಹಾಕಿದ ಮೇಲೆ ಸ್ಟೇರಿಂಗು ಒಂದು ಸುತ್ತಿನಲ್ಲಿ ಎರಡು ಸಲ ಭಾರ, ಎರಡು ಸಲ ಹಗುರ ಎನಿಸಿದರೆ ಕವಲುಗಳನ್ನು ನೋಡಿ.